ಲೆಫ್ಟಿನೆಂಟ್ ಲೋಕನಾಥ

ಬಿ.ಸಿ.ರೋಡ್,
ತಾ. 22-3-1963, ಶುಕ್ರವಾರ

ಪ್ರೀತಿಯ ಪ್ರಫುಲ್ಲಾ,

ಹೇಗಿದ್ದಿ? ಸೊಂಟನೋವು ಹೇಗಿದೆ? ಹಿಂದಿನ ಎರಡು ಪತ್ರಗಳಲ್ಲೂ ನೀನು ಚೀನಾ ಗಡಿಯಿಂದ ಬಂದ ವಾರ್ಡಿನ ಹುಡುಗರ ಕ್ಷೇಮವನ್ನೇ ಬರೆದಿದ್ದಿ. ಹಿಮದಲ್ಲಿ ಯಾರ ಕಾಲ್ಬೆರಳು ಹೋಯಿತು, ಯಾರದ್ದು ಉಳಿಯಿತು ಎಂದು ಒಂದೊಂದಾಗಿ ತಿಳಿಸಿದ್ದಿ. ನಿನ್ನ ಬಗ್ಗೆ ಮಾತ್ರ ‘ನಾನು ಆರಾಮ’ ಎಂಬ ಎರಡೇ ಶಬ್ದ. ಹದಿನಾರು ವರ್ಷ ಸಂಸಾರ ಮಾಡಿದವನಿಗೆ ಆ ಎರಡು ಶಬ್ದದ ಅರ್ಥ ಗೊತ್ತಾಗುವುದಿಲ್ಲವೇ? ಸೊಂಟ ನೋಯುತ್ತಿದೆ, ಹೇಳಲು ಮನಸ್ಸಿಲ್ಲ, ಅಷ್ಟೇ. ಎಣ್ಣೆ ಕಾಯಿಸಿ ಬಾಟಲಿಗೆ ತುಂಬಿಸಿ ಇಟ್ಟಿದ್ದೇನೆ, ಪುಣೆಯ ಕಡೆಗೆ ಹೋಗುವವರು ಸಿಕ್ಕಿದ ಕೂಡಲೇ ಕಳಿಸುತ್ತೇನೆ. ಆಸ್ಪತ್ರೆಯಲ್ಲಿ ನಮ್ಮ ಕಡೆಯ ಹುಡುಗರು ಯಾರಾದರೂ ಇದ್ದಾರೋ? ಊರಿನ ಮಾತು ಕಿವಿಗೆ ಬಿದ್ದರೆ ಅರ್ಧ ಕಾಯಿಲೆ ಅಲ್ಲಿಗೇ ಗುಣವಾಗುತ್ತದೆ ಎಂದು ನೀನು ಆಗಾಗ ಹೇಳುತ್ತಿದ್ದೆ. ಮನೆಯಲ್ಲಿ ಎಲ್ಲ ಕ್ಷೇಮ. ಕಾಂತಿಗೆ ಪರೀಕ್ಷೆ ನಡೆಯುತ್ತಿದೆ, ಗಣಿತ ಸುಲಭವಿತ್ತಂತೆ, ಅಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಹೋಟೆಲು ನಡೆಯುತ್ತಿದೆ. ನೀನಿಲ್ಲದೆ ಸಾಂಬಾರಿನ ರುಚಿ ಕೆಟ್ಟಿದೆ ಎಂದು ಬಸ್ಸಿನ ಏಜೆಂಟರು ದಿನಾ ಹೇಳುತ್ತಾರೆ, ಹೇಳಿಕೊಂಡೇ ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಇಷ್ಟು ಕ್ಷೇಮ ಸಮಾಚಾರ. ಮುಂದಿನದ್ದನ್ನು ಓದುವ ಮೊದಲು ಎಲ್ಲಾದರೂ ಒಂದು ಕಡೆ ಕುಳಿತುಕೋ. ಎರಡು ತಿಂಗಳಿನಿಂದ ನಿನಗೆ ಬರೆಯದೆ ಮುಚ್ಚಿಟ್ಟ ವಿಷಯವೊಂದಿದೆ. ನಿನ್ನ ಗಂಡ ಲೆಫ್ಟಿನೆಂಟ್ ಆಗಿದ್ದಾನೆ. ನಗಬೇಡ ಮಾರಾಯ್ತಿ. ಇಲ್ಲಿ ನನ್ನ ತಲೆ ಚಿಟ್ಟು ಹಿಡಿದು ಹೋಗಿದೆ.

ಡಿಸೆಂಬರಿನಲ್ಲಿ ಪುಣೆಯ ಮಿಲಿಟರಿ ಆಸ್ಪತ್ರೆಗೆ ಹೊರಡುವಾಗ ನೀನು ಒಂದು ಲಕೋಟೆ ಕೊಟ್ಟಿದ್ದೆಯಲ್ಲ, ನಿನ್ನ ಹಳೆಯ ಮಿಲಿಟರಿ ಕಾಗದಗಳದ್ದು. ನಮ್ಮ ಕಡೆ ಹೊಸತಾಗಿ ಶುರುವಾದ ಮಾಜಿ ಸೈನಿಕರ ಸಂಘಕ್ಕೆ ಮುಟ್ಟಿಸಿ ಎಂದು ಹೇಳಿ, ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ‘ನಾನೂ ಅವರಲ್ಲಿ ಒಬ್ಬಳಲ್ವಾ’ ಎಂದಿದ್ದೆ. ಆ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. ನೀನು ಯಾವತ್ತೂ ಏನನ್ನೂ ಕೇಳಿದವಳಲ್ಲ, ಕೇಳಿದ್ದು ಇದೊಂದೇ. ನಾನು ಮರುದಿನವೇ ಪುಂಜಾಲಕಟ್ಟೆಗೆ ಹೋಗಿ ಸಂಘದ ಕಾರ್ಯದರ್ಶಿ ಸುಧಾಕರನ ಕೈಯಲ್ಲಿ ಲಕೋಟೆ ಕೊಟ್ಟು ಬಂದೆ. ಸುಧಾಕರನನ್ನು ನಿನಗೆ ಗೊತ್ತಿಲ್ಲ, ಸಿದ್ಧಕಟ್ಟೆಯ ಬಂಟರ ಮನೆಯವನು, ಪಟಾಲಮಿನಲ್ಲಿ ಗುಮಾಸ್ತನಾಗಿದ್ದವನು. ಬಂದೂಕಿಗಿಂತ ಫಾರಮು ಅವನಿಗೆ ಹೆಚ್ಚು ಪ್ರೀತಿ. ಸಂಘದ ಫಾರಮನ್ನು ತಾನೇ ತಯಾರು ಮಾಡಿ, ಮಂಗಳೂರಿನಲ್ಲಿ ಅಚ್ಚು ಹಾಕಿಸಿ ತಂದಿದ್ದಾನೆ. ಅದರಲ್ಲಿ ಮೊದಲನೆಯದು ‘ಮಾಜಿ ಸೈನಿಕನ ಹೆಸರು’, ಆಮೇಲೆ ‘ಅವನ ದರ್ಜೆ’, ‘ಅವನ ಪಟಾಲಮು’, ಕೊನೆಗೆ ‘ಅವನ ಹೆಂಡತಿಯ ಹೆಸರು’. ಹೆಂಗಸಿಗೆ ಆ ಕಾಗದದಲ್ಲಿ ಇರುವುದು ಆ ಒಂದೇ ಗೂಡು. ಅವನು ನಿನ್ನ ಕಾಗದ ಬಿಡಿಸಿ ನೋಡಿದ. ಲೆಫ್ಟಿನೆಂಟ್, ಮಿಲಿಟರಿ ನರ್ಸಿಂಗ್, ಚಿತ್ತಗಾಂಗ್, ಬರ್ಮಾ ಗಡಿ, ಮೂರು ವರ್ಷ. ಎಲ್ಲ ಸರಿ, ಹೆಸರು ಮಾತ್ರ ಪ್ರಫುಲ್ಲಾ. ಅವನು ಅರ್ಧ ಗಂಟೆ ಯೋಚಿಸಿದನಂತೆ. ಯೋಚಿಸಿ, ಇದು ಮೇಲಿನ ಕಚೇರಿಯವರು ಗಂಡ ಹೆಂಡತಿಯ ಹೆಸರು ಅದಲು ಬದಲು ಮಾಡಿದ್ದು ಎಂದು ತೀರ್ಮಾನಿಸಿ, ನನ್ನ ಮರ್ಯಾದೆ ಉಳಿಸುವುದಕ್ಕಾಗಿ, ಯಾರಿಗೂ ಹೇಳದೆ, ಕೆಂಪು ಶಾಯಿಯಲ್ಲಿ ತಿದ್ದಿಬಿಟ್ಟ. ಮಾಜಿ ಸೈನಿಕ, ಲೆಫ್ಟಿನೆಂಟ್ ಲೋಕನಾಥ. ಅವನ ಹೆಂಡತಿ, ಪ್ರಫುಲ್ಲಾ. ಗಣೇಶನನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡುವುದು ಎಂದರೆ ಇದೇ.

ನನಗೆ ಇದೇನೂ ಗೊತ್ತಿಲ್ಲ. ಜನವರಿ ಇಪ್ಪತ್ತಾರಕ್ಕೆ ಸಭೆಗೆ ಬರಬೇಕೆಂದು ಕಾರ್ಡು ಬಂತು. ನಿನ್ನ ಹೆಸರು ಓದುತ್ತಾರೆ, ಕೇಳಿ ಬಂದು ನಿನಗೆ ಬರೆಯಬೇಕು ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಪುಂಜಾಲಕಟ್ಟೆಯ ಒಂದು ಅಕ್ಕಿ ಗೋದಾಮನ್ನು ಗುಡಿಸಿ ಸಭೆ ಮಾಡಿದ್ದರು. ಸುಮಾರು ಐವತ್ತು ಜನ, ಹೆಚ್ಚಿನವರು ಹಳೆಯ ಕೋಟಿನಲ್ಲಿ. ಅವರಲ್ಲಿ ಒಂದು ಪದ್ಧತಿ ಇದೆ. ದರ್ಜೆಯ ಪ್ರಕಾರ ದೊಡ್ಡವರಿಂದ ಸಣ್ಣವರ ವರೆಗೆ ಹಾಜರಿ ಕೂಗುವುದು. ಹೆಸರು ಕೂಗಿದ ಕೂಡಲೇ ಎದ್ದು, ಹಿಮ್ಮಡಿ ಜೋಡಿಸಿ, ‘ಹಾಜರ್’ ಎನ್ನಬೇಕು. ಆಫೀಸರನ ಹೆಸರಾದರೆ ಅಧ್ಯಕ್ಷರು ಸಹ ಎದ್ದು ಸೆಲ್ಯೂಟ್ ಹೊಡೆಯಬೇಕು. ಅಧ್ಯಕ್ಷರು ಸುಬೇದಾರ್ ತುಕ್ರಪ್ಪ, ಬೆಳ್ತಂಗಡಿಯವರು, ಇಷ್ಟುದ್ದದ ಮೀಸೆ. ಅಲ್ಲಿಯವರೆಗೆ ಎಲ್ಲರಿಗಿಂತ ದೊಡ್ಡ ದರ್ಜೆ ಅವರದ್ದೇ, ಹಾಗಾಗಿ ಮೊದಲ ಹೆಸರು ತನ್ನದೇ ಎಂದು ಅವರು ಮೀಸೆ ಸವರಿಕೊಂಡು ತಯಾರಾಗಿದ್ದರು. ಸುಧಾಕರ ಎದ್ದು, ಗಂಟಲು ಸರಿ ಮಾಡಿಕೊಂಡು, ‘ಲೆಫ್ಟಿನೆಂಟ್ ಲೋಕನಾಥ’ ಎಂದು ಕೂಗಿದ. ಇದೇನಪ್ಪ, ತಪ್ಪಾಯಿತು ಎಂದು ಹೇಳಲು ನಾನು ಎದ್ದು ನಿಂತೆ. ಆಫೀಸರು ಎದ್ದನೆಂದು ಇಡೀ ಗೋದಾಮು ಎದ್ದು ನಿಂತಿತು. ತುಕ್ರಪ್ಪನವರು ನೆಲ ಅದುರುವ ಹಾಗೆ ಕಾಲು ಅಪ್ಪಳಿಸಿ ಸೆಲ್ಯೂಟ್ ಹೊಡೆದರು. ಐವತ್ತು ಜನ ನನ್ನನ್ನೇ ನೋಡುತ್ತಿದ್ದರು. ನನ್ನ ಕೈ ತಾನಾಗಿಯೇ ಮೇಲೆ ಹೋಯಿತು, ಅದೂ ಎಡಗೈ. ಹುಟ್ಟಿದ ಮೇಲೆ ಕಾದ ಎಣ್ಣೆಯ ಬಾಣಲೆ ಬಿಟ್ಟು ಬೇರೆ ಯಾವ ಶತ್ರುವನ್ನೂ ಎದುರಿಸದ ನಾನು ಎಡಗೈಯಲ್ಲಿ ಸೆಲ್ಯೂಟ್ ಹೊಡೆದು ಕುಳಿತುಕೊಂಡೆ.

ಹಾಜರಿ ಮುಗಿದ ಮೇಲೆ ಹೆಂಡತಿಯರನ್ನು ಕರೆದು ಕುಂಕುಮ, ಹೂವು, ತೆಂಗಿನಕಾಯಿ, ಒಂದು ರವಕೆ ಕಣ ಕೊಟ್ಟರು. ಅಲ್ಲಿಯೂ ಮೊದಲ ಹೆಸರು ನಿನ್ನದೇ, ‘ಲೆಫ್ಟಿನೆಂಟ್ ಲೋಕನಾಥರ ಧರ್ಮಪತ್ನಿ’. ನೀನಿಲ್ಲವೆಂದು ಕಣವನ್ನು ನನ್ನ ಕೈಗೆ ಕೊಟ್ಟರು. ಹಸಿರು ಬಣ್ಣದ್ದು, ಕಪಾಟಿನಲ್ಲಿದೆ. ಬರ್ಮಾ ಗಡಿಯಲ್ಲಿ ಮೂರು ವರ್ಷ ರಕ್ತ ತೊಳೆದ ನಿನಗೆ ನಮ್ಮೂರು ಕೊಟ್ಟದ್ದು ಮುಕ್ಕಾಲು ಗಜ ಹಸಿರು ಬಟ್ಟೆ, ಅದೂ ನನ್ನ ಹೆಂಡತಿ ಎಂಬ ಲೆಕ್ಕದಲ್ಲಿ. ಮನೆಗೆ ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ನಾಚಿಕೆಯಾಯಿತು ಎಂದು ಬಾಯಿಬಿಟ್ಟು ಹೇಳುತ್ತೇನೆ. ಆ ಗೋದಾಮಿನಲ್ಲಿ ಒಬ್ಬನೇ ಒಬ್ಬ ನನಗೆ ಸೆಲ್ಯೂಟ್ ಹೊಡೆಯಲಿಲ್ಲ. ಪುಂಜಾಲಕಟ್ಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಹಾಜಬ್ಬ ಎಂಬ ಬ್ಯಾರಿ, ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿದವನು. ನನ್ನನ್ನು ಒಂದು ಸಲ ನೋಡಿದ, ಕೋಲು ಊರಿಕೊಂಡು ಹೊರಗೆ ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ.

ಮರುದಿನದಿಂದ ಶುರುವಾಯಿತು ನೋಡು. ಹೋಟೆಲಿಗೆ ಬಂದವರೆಲ್ಲ ‘ಸಾಹೇಬ್ರೇ, ಎರಡು ಚಹಾ’ ಎನ್ನುತ್ತಾರೆ. ಗಲ್ಲಾದಲ್ಲಿ ಕುಳಿತರೆ ಬರ್ಮಾದ ಕಥೆ ಹೇಳಿ ಎಂದು ಪೀಡಿಸುತ್ತಾರೆ. ನಾನಲ್ಲ, ನನ್ನ ಹೆಂಡತಿ ಎಂದರೆ ನಗುತ್ತಾರೆ, ಎಷ್ಟು ವಿನಯ ನೋಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಿಜ ಹೇಳಿದಷ್ಟೂ ನನ್ನ ದರ್ಜೆ ಏರುತ್ತಲೇ ಹೋಯಿತು. ಕಾಂತಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಒಂದು ದಿನ ಶಾಲೆಯಿಂದ ಬಂದು, ಚೀಲ ಇಳಿಸದೆ ನಿಂತುಕೊಂಡು, ‘ಅಪ್ಪಾ, ಹಾಗಾದ್ರೆ ಅಮ್ಮ ಯುದ್ಧದಲ್ಲಿ ಇದ್ದದ್ದಾ? ಮದ್ರಾಸಿನ ಹೆರಿಗೆ ಆಸ್ಪತ್ರೆಯಲ್ಲಿ ಅಲ್ವಾ? ನಂಗೆ ಯಾಕೆ ಸುಳ್ಳು ಹೇಳಿದ್ದು?’ ಎಂದು ಕೇಳಿದಳು. ‘ಮೊದಲು ಚೀಲ ಇಳಿಸು’ ಎಂದು ಹೇಳಿ ಈ ಲೆಫ್ಟಿನೆಂಟ್ ಗಲ್ಲಾಕ್ಕೆ ಓಡಿದ.

ಸುಧಾಕರನ ಹತ್ತಿರ ಹೋಗಿ ಜಗಳ ಮಾಡಿದೆ. ಆ ಮನುಷ್ಯನಿಗೆ ಕೋಪವೇ ಬರುವುದಿಲ್ಲ, ಅದು ಇನ್ನೂ ದೊಡ್ಡ ಉಪದ್ರ. ‘ಲೋಕಣ್ಣ, ಲಕೋಟೆ ಯಾರದ್ದು ಅಂತ ನಾನು ಕೇಳಿದಾಗ ನೀವು ನಮ್ಮ ಮನೆಯದ್ದು ಅಂತ ಹೇಳಿದ್ದಲ್ವಾ? ಹೆಂಡತಿಯದ್ದು ಅಂತ ಹೇಳ್ಬೇಕಿತ್ತಪ್ಪ’ ಎಂದ. ಅದು ಬೇರೆ ವಿಷಯ. ಈಗ ಸರಿ ಮಾಡು ಎಂದರೆ, ‘ಎಲ್ಲಿ ಬರೆಯುವುದು ಹೇಳಿ? ಫಾರಮಿನಲ್ಲಿ ಸೈನಿಕನ ಹೆಸರು ಅಂತ ಉಂಟು. ಅಕ್ಕನನ್ನು ಅಲ್ಲಿ ಹಾಕಿದ್ರೆ ಕೆಳಗೆ ಅವನ ಹೆಂಡತಿ ಅಂತ ನಿಮ್ಮನ್ನು ಹಾಕ್ಲಾ?’ ಎಂದು ಫಾರಮನ್ನು ನನ್ನ ಮುಖಕ್ಕೆ ಹಿಡಿದ. ಅಧ್ಯಕ್ಷರ ಒಪ್ಪಿಗೆ ಇಲ್ಲದೆ ಅಚ್ಚಾದದ್ದನ್ನು ಬದಲು ಮಾಡಲಿಕ್ಕೆ ಆಗುವುದಿಲ್ಲವಂತೆ. ಸರಿ, ಬೆಳ್ತಂಗಡಿಗೆ ಹೋದೆ. ತುಕ್ರಪ್ಪನವರು ಗೌರವದಿಂದ ಕುರ್ಚಿ ಹಾಕಿ ಕೂರಿಸಿದರು. ವಿಷಯ ಕೇಳಿ ಮುಖ ಸಣ್ಣದು ಮಾಡಿಕೊಂಡರು. ‘ಅವರು ಗುಂಡು ಹಾರಿಸಿದ್ದಾರಾ?’ ಎಂದು ಕೇಳಿದರು. ನಿಮ್ಮ ಸಂಘದಲ್ಲಿ ಅಡಿಗೆಯವರು ಇದ್ದಾರೆ, ಕ್ಷೌರದವರು ಇದ್ದಾರೆ, ಹೇಸರಗತ್ತೆ ಮೇಯಿಸಿದವರು ಇದ್ದಾರೆ, ಅವರೆಲ್ಲ ಎಷ್ಟು ಗುಂಡು ಹಾರಿಸಿದರು ಎಂದೆ. ಅವರೇ ಯುದ್ಧ ಪೂರ್ತಿ ಝಾನ್ಸಿಯ ಉಗ್ರಾಣದಲ್ಲಿ ಕಂಬಳಿ ಹಂಚಿದವರು, ಹಾಗಾಗಿ ಆ ಮಾತು ಅಲ್ಲಿಗೇ ಬಿಟ್ಟರು. ಕೊನೆಗೆ ನಿಜವಾದ ನೋವು ಹೊರಗೆ ಬಂತು. ನಿನ್ನ ಹೆಸರು ಬಂದರೆ ಹಾಜರಿಯಲ್ಲಿ ಮೊದಲು ನಿನ್ನನ್ನು ಕೂಗಬೇಕು, ಅವರು ಎದ್ದು ನಿನಗೆ ಸೆಲ್ಯೂಟ್ ಹೊಡೆಯಬೇಕು. ‘ಹೆಂಗಸಿಗೆ ಹೇಗೆ ಹೊಡೆಯುವುದು ಶೆಟ್ರೇ? ನಿಮಗೆ ಹೊಡೆದದ್ದಕ್ಕೆ ನನಗೆ ಬೇಸರ ಇಲ್ಲ. ಹೋಟೆಲಿನವರಾದ್ರೂ ಗಂಡಸಲ್ವಾ!’ ಎಂದರು. ಹೇಗಿದೆ ನ್ಯಾಯ? ಯುದ್ಧಕ್ಕೆ ಹೋಗದ ಗಂಡಸಿಗೆ ಸೆಲ್ಯೂಟ್ ಹೊಡೆದೇನು, ಹೋದ ಹೆಂಗಸಿಗೆ ಮಾತ್ರ ಕೈ ಏಳುವುದಿಲ್ಲ. ಗಂಡನ ಹೆಸರಿನಲ್ಲಿ ಇದ್ದರೆ ಹೆಂಡತಿಗೂ ಬಂದ ಹಾಗೆಯೇ ಅಲ್ಲವೇ ಎಂದು ಸಮಾಧಾನ ಬೇರೆ ಹೇಳಿದರು. ಅವರ ಮನೆಯ ಮಜ್ಜಿಗೆ ಕುಡಿಯದೆ ಎದ್ದು ಬಂದೆ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಸಂಘದ ಕೋಣೆಯ ಗೋಡೆಗೆ ಒಂದು ಕಲ್ಲು ಕೂರಿಸುತ್ತಾರಂತೆ, ಏಪ್ರಿಲಿನಲ್ಲಿ ಬರುವ ಬಿಸು ಹಬ್ಬದ ಮರುದಿನ. ಯುದ್ಧಕ್ಕೆ ಹೋದ ಎಲ್ಲರ ಹೆಸರೂ ಅದರಲ್ಲಿ ಬರುತ್ತದೆ, ಕೆತ್ತುವವರು ಮೂಡುಬಿದಿರೆಯ ಆಚಾರ್ರು. ಫಾರಮಿನಲ್ಲಿದ್ದರೆ ಹರಿದು ಹಾಕಬಹುದು, ಕಲ್ಲಿನಲ್ಲಿ ಕೂತದ್ದನ್ನು ಏನು ಮಾಡುವುದು? ನಾಳೆ ಕಾಂತಿಯ ಮಕ್ಕಳು ಅದನ್ನು ಓದಿ, ನಮ್ಮ ಅಜ್ಜ ಎಂಥ ಶೂರ ಎಂದು ಹೇಳುತ್ತಾರೆ. ನಿನ್ನ ಹೆಸರು ಹೇಳುವವರು ಯಾರೂ ಇರುವುದಿಲ್ಲ. ಹೋಟೆಲು ಅರ್ಧಕ್ಕೆ ಬಿಟ್ಟು ಮೂಡುಬಿದಿರೆಯ ಬಸ್ಸು ಹಿಡಿದೆ. ಆಚಾರ್ರ ಚಪ್ಪರದಲ್ಲಿ ಕಲ್ಲು ಮಲಗಿಸಿತ್ತು. ಮೇಲ್ಗಡೆ ಸೀಮೆಸುಣ್ಣದಲ್ಲಿ ‘ಯುದ್ಧದಲ್ಲಿ ಸೇವೆ ಸಲ್ಲಿಸಿದ ನಮ್ಮೂರ ವೀರಪುತ್ರರು’ ಎಂದು ಗುರುತು ಹಾಕಿದ್ದರು. ಅದರ ಕೆಳಗೆ ‘ಲೆಫ್ಟಿನೆಂಟ್’ ಎಂಬುದು ಕೆತ್ತಿ ಆಗಿತ್ತು, ಮುಂದಿನ ಅಕ್ಷರಕ್ಕೆ ಉಳಿ ಇಡಲು ಅವರು ಎಲೆಯಡಿಕೆ ಉಗುಳಿ ಬರುತ್ತಿದ್ದರು. ನಾನು ಕಲ್ಲಿನ ಮೇಲೆ ಕೈ ಇಟ್ಟು ನಿಂತುಬಿಟ್ಟೆ. ಅವರಿಗೆ ಸಿಟ್ಟು ಬಂತು, ‘ಕೈ ತೆಗೀರಿ ಮಾರಾಯ್ರೇ, ಕಾಗದದಲ್ಲಿ ಇದ್ದದ್ದನ್ನು ನಾನು ಕೆತ್ತುವವ, ನಿಮ್ಮ ಪಂಚಾಯ್ತಿಗೆ ಬಂದವನಲ್ಲ’ ಎಂದರು. ಕೈಕಾಲು ಹಿಡಿದು, ಕೆಳಗಿನ ಹೆಸರುಗಳನ್ನು ಮೊದಲು ಕೆತ್ತಿಕೊಂಡು ಬನ್ನಿ, ಮೇಲಿನ ಎರಡು ಸಾಲು ಕೊನೆಗೆ ಸಾಕು ಎಂದು ಒಪ್ಪಿಸಿದೆ. ಕೊನೆಗೂ ಒಂದು ಒಳ್ಳೆಯ ಮಾತು ಹೇಳಿದರು. ಯಾರ ಹೆಸರು ಬಂದರೂ ‘ಲೆಫ್ಟಿನೆಂಟ್’ ಎಂಬುದು ಹಾಳಾಗುವುದಿಲ್ಲವಲ್ಲ ಎಂದರು. ನನಗೆ ಹತ್ತು ದಿನದ ಗಡುವು ಸಿಕ್ಕಿತು.

ಹಿಂದೆ ಬರುವಾಗ ಸಿದ್ಧಕಟ್ಟೆಯಲ್ಲಿ ಇಳಿದೆ. ಸುಧಾಕರನನ್ನು ಮನೆಯಲ್ಲಿಯೇ ಹಿಡಿಯಬೇಕು ಎಂದು ಹೊರಟದ್ದು. ಅವನು ಇರುವುದು ತಾಯಿಮನೆಯಲ್ಲಿ, ನಮ್ಮ ಕಡೆಯ ಬಂಟರಲ್ಲಿ ಮನೆ, ಆಸ್ತಿ ತಾಯಿಯ ಸಾಲಿನಲ್ಲಿಯೇ ಬರುವುದಲ್ಲ. ತಾಯಿಯ ತಾಯಿ, ಎಂಬತ್ತರ ಅಜ್ಜಿ, ಆ ಮನೆಗೆ ಯಜಮಾನ್ತಿ. ಅವಳ ಮಾತು ಮೀರಿ ಆ ಮನೆಯಲ್ಲಿ ಒಂದು ಕೋಳಿಯೂ ಕೂಗುವುದಿಲ್ಲ. ನಾವಿಬ್ಬರೂ ಜಗಲಿಯಲ್ಲಿ ಸ್ವರ ಏರಿಸಿದ್ದನ್ನು ಕೇಳಿ ಅಜ್ಜಿ ಹೊರಗೆ ಬಂದು, ವಿಷಯ ಏನೆಂದು ಕೇಳಿ, ಅಡಿಕೆ ಜಜ್ಜುತ್ತಾ ಕುಳಿತಳು. ಎಲ್ಲ ಕೇಳಿದ ಮೇಲೆ ಮೊಮ್ಮಗನಿಗೆ ಒಂದೇ ಪ್ರಶ್ನೆ ಹಾಕಿದಳು, ‘ಈ ಮನೆ ಗದ್ದೆಯ ಪಟ್ಟೆ ಯಾರ ಹೆಸರಲ್ಲಿ ಉಂಟು ಮಗಾ?’ ನಿಮ್ಮ ಹೆಸರಿನಲ್ಲಿ ಎಂದ. ‘ನಿನ್ನ ಅಜ್ಜನ ಹೆಸರಲ್ಲಿ ಯಾಕಿಲ್ಲ?’ ಅವರು ಈ ಕುಟುಂಬದವರಲ್ಲವಲ್ಲ ಎಂದ. ‘ಹಾಗಾದ್ರೆ ಈ ಲೋಕನಾಥ ಯುದ್ಧದವನಾ? ನಮ್ಮ ಗದ್ದೆ ನಮ್ಮ ಹೆಸರಲ್ಲಿ ಇರ್ಬಹುದು, ಆ ಹೆಣ್ಣಿನ ಯುದ್ಧ ಮಾತ್ರ ಗಂಡನ ಹೆಸರಲ್ಲಾ?’ ಎಂದಳು. ಅಷ್ಟೇ. ಅಡಿಕೆ ಬಾಯಿಗೆ ಹಾಕಿಕೊಂಡು ಒಳಗೆ ಹೋದಳು. ನಾನು ಎರಡು ತಿಂಗಳಿನಿಂದ ಮೂರು ಊರು ಸುತ್ತಿ ಗಂಟಲು ಹರಿದುಕೊಂಡದ್ದನ್ನು ಅಜ್ಜಿ ಒಂದು ಅಡಿಕೆ ಜಜ್ಜುವಷ್ಟರಲ್ಲಿ ಮುಗಿಸಿದಳು. ಸುಧಾಕರ ನನ್ನೆದುರೇ ಹೊಸ ಫಾರಮು ಬರೆಯಲು ಕುಳಿತ. ‘ಸೇವೆ ಸಲ್ಲಿಸಿದವರ ಹೆಸರು’, ‘ಅವರ ದರ್ಜೆ’, ಕೊನೆಯಲ್ಲಿ ‘ಅವರ ಮನೆಯವರು’. ಈಗ ಗಂಡನೂ ಹಿಡಿಯುತ್ತಾನೆ, ಹೆಂಡತಿಯೂ ಹಿಡಿಯುತ್ತಾಳೆ. ಇಷ್ಟು ಸುಲಭದ ಕೆಲಸಕ್ಕೆ ನನ್ನ ಚಪ್ಪಲಿ ಸವೆದದ್ದು ನೆನೆಸಿದರೆ ಈಗಲೂ ಮೈ ಉರಿಯುತ್ತದೆ.

ಕಳೆದ ಆದಿತ್ಯವಾರ ಸಭೆ ಸೇರಿತು. ತುಕ್ರಪ್ಪನವರು ಕೊನೆಯ ಗುಂಡು ಹಾರಿಸಿದರು. ಅವರ ನಿಯಮ ಒಂದಿದೆ. ಕಾಗದದ ಬಗ್ಗೆ ತಕರಾರು ಬಂದರೆ, ಅರ್ಜಿದಾರನನ್ನು ಯುದ್ಧದಲ್ಲಿ ಕಣ್ಣಾರೆ ಕಂಡ ಸದಸ್ಯನೊಬ್ಬ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿ ಸಹಿ ಹಾಕಬೇಕು. ಕೆಂಪು ಶಾಯಿಯಲ್ಲಿ ತಿದ್ದಿದ ಕಾಗದ ಅಂದರೆ ತಕರಾರಿನ ಕಾಗದವೇ. ಚಿತ್ತಗಾಂಗಿನ ಆಸ್ಪತ್ರೆಯಲ್ಲಿ ನಿನ್ನನ್ನು ಕಂಡವರು ನಮ್ಮ ಬಂಟ್ವಾಳ ಬೆಳ್ತಂಗಡಿಯಲ್ಲಿ ಯಾರು ಸಿಗುತ್ತಾರೆ ಎಂದು ಅವರಿಗೆ ಧೈರ್ಯ. ಆದರೆ ಸಾಕ್ಷಿ ಸಿಕ್ಕಿತು. ಯಾರು, ಹೇಗೆ ಎಂದು ಈಗಲೇ ಕೇಳಬೇಡ, ಅದನ್ನು ಬರೆಯಲು ನನಗೆ ಇನ್ನೂ ಸ್ವಲ್ಪ ಧೈರ್ಯ ಬೇಕು. ಸಾಕ್ಷಿ ಹೇಳಿ ಮುಗಿಯಿತು. ತುಕ್ರಪ್ಪನವರು ಮೀಸೆ ತಿರುವಿಕೊಂಡು, ‘ಬರೆಯಿರಿ’ ಎಂದು ಸುಧಾಕರನಿಗೆ ಹೇಳಿದರು. ಆ ಮನುಷ್ಯ ಕೆಟ್ಟವರಲ್ಲ ಪ್ರಫುಲ್ಲಾ. ಸೆಲ್ಯೂಟನ್ನು ಅಭ್ಯಾಸ ಮಾಡಲು ತಮಗೆ ಬಿಸುವಿನ ವರೆಗೆ ಸಮಯ ಉಂಟಲ್ಲ ಎಂದು ಹೊರಗೆ ಬಂದ ಮೇಲೆ ನನ್ನ ಹತ್ತಿರ ಮೆಲ್ಲಗೆ ಕೇಳಿದರು.

ಮೊನ್ನೆ ಮೂಡುಬಿದಿರೆಗೆ ಹೋಗಿ ಕಲ್ಲು ನೋಡಿಕೊಂಡು ಬಂದೆ. ಮೇಲಿನ ಸಾಲು ‘ಯುದ್ಧದಲ್ಲಿ ಸೇವೆ ಸಲ್ಲಿಸಿದ ನಮ್ಮವರು’ ಎಂದಾಗಿದೆ. ಅದರ ಕೆಳಗೆ ‘ಲೆಫ್ಟಿನೆಂಟ್ ಪ್ರಫುಲ್ಲಾ’. ಬೆರಳಿನಲ್ಲಿ ಮುಟ್ಟಿ ನೋಡಿದೆ, ಆಳವಾಗಿಯೇ ಕೆತ್ತಿದ್ದಾರೆ. ಆಸ್ಪತ್ರೆಯಲ್ಲಿ ಹೇಗಾದರೂ ಮಾಡಿ ರಜೆ ಕೇಳು, ಬಿಸುವಿಗೆ ಬಾ. ಹಾಜರಿಯಲ್ಲಿ ಮೊದಲು ಕೂಗುವುದು ನಿನ್ನನ್ನು. ನೀನು ಎದ್ದು ನಿಂತು ‘ಹಾಜರ್’ ಎನ್ನುವುದನ್ನು ನಾನು ಮನೆಯವರ ಸಾಲಿನಲ್ಲಿ, ಹೆಂಗಸರ ಮಧ್ಯೆ ಕುಳಿತು ನೋಡಬೇಕು. ಮನೆಯವರಿಗೆ ಕೊಡುವ ರವಕೆ ಕಣ ಈ ಸಲ ನನ್ನ ಪಾಲಿಗೆ ಬರುತ್ತದೆಯೋ ಏನೋ, ತೆಂಗಿನಕಾಯಿ ಮಾತ್ರ ಸಾಕು ಎಂದು ಸುಧಾಕರನಿಗೆ ಮೊದಲೇ ಹೇಳಿಟ್ಟಿದ್ದೇನೆ. ಅಟ್ಟದ ಪೆಟ್ಟಿಗೆಯಿಂದ ನಿನ್ನ ಪದಕಗಳನ್ನು ಕಾಂತಿ ಕೆಳಗೆ ಇಳಿಸಿದ್ದಾಳೆ. ಹುಣಿಸೆಹುಳಿ ಹಾಕಿ ತಿಕ್ಕಿ, ದೇವರ ಕೋಣೆಯಲ್ಲಿ ದೀಪದ ಪಕ್ಕದಲ್ಲಿ ಇಟ್ಟಿದ್ದಾಳೆ. ಅವಳ ಎದುರು ನಿಲ್ಲುವ ಮುಖ ನನಗಿಲ್ಲ.

ಶಿರ್ತಾಡಿಯಿಂದ ನಿನ್ನ ಅಮ್ಮ ಹೇಳಿಕಳಿಸಿದ್ದಾರೆ, ಹೊತ್ತು ಹೊತ್ತಿಗೆ ಊಟ ಮಾಡಬೇಕಂತೆ. ಕಾಂತಿಯ ನಮಸ್ಕಾರಗಳು. ಅಲ್ಲಿಯ ಹುಡುಗರೆಲ್ಲ ಬೇಗ ಎದ್ದು ಓಡಾಡುವಂತಾಗಲಿ, ಅವರ ಜೊತೆಗೆ ನಿನ್ನನ್ನೂ ದೇವರು ಚೆನ್ನಾಗಿಡಲಿ.

ನಿನ್ನ ಮನೆಯವನು,
ಲೋಕನಾಥ

ತಾ.ಕ. ಮಂಗಳೂರು ಬಸ್ಸು ಬರುವ ಹೊತ್ತಾಯಿತು, ಲಕೋಟೆ ಕಂಡಕ್ಟರನ ಕೈಗೆ ಕೊಡಬೇಕು, ಹಾಗಾಗಿ ಅವಸರದಲ್ಲಿ ಬರೆಯುತ್ತೇನೆ. ಅವಸರ ಇಲ್ಲದಿದ್ದರೆ ಇದನ್ನು ಬರೆಯುತ್ತಲೂ ಇರಲಿಲ್ಲ. ಸಾಕ್ಷಿ ಹೇಳಿದವನು ಹಾಜಬ್ಬ. ನಾವು ಮದುವೆಯಾದ ವರ್ಷ, ನಲವತ್ತೇಳರಲ್ಲಿ, ಅವನು ಕೋಲು ಊರಿಕೊಂಡು ಪುಂಜಾಲಕಟ್ಟೆಯಿಂದ ಇಲ್ಲಿಗೆ ನಡೆದು ಬಂದಿದ್ದ. ಚಿತ್ತಗಾಂಗಿನಲ್ಲಿ ಸಿಸ್ಟರು ಊರಿನ ಹೆಸರು ಹೇಳಿದ್ದರು, ಶಿರ್ತಾಡಿಗೆ ಹೋಗಿ ಕೇಳಿದೆ, ಇಲ್ಲಿಗೆ ಮದುವೆಯಾಗಿದೆ ಎಂದರು, ನನ್ನ ಕಾಲು ಉಳಿಸಿದವರು, ಒಮ್ಮೆ ಕಂಡು ಹೋಗುತ್ತೇನೆ ಎಂದ. ಅವನ ತಾಯಿ ಅವ್ವಮ್ಮ ಬೈಹುಲ್ಲಿನಲ್ಲಿ ಸುತ್ತಿ ಕೊಟ್ಟ ಎರಡು ಡಜನ್ ಮೊಟ್ಟೆ ಕೈಯಲ್ಲಿತ್ತು, ಅಷ್ಟು ದೂರ ಕುಂಟಿಕೊಂಡು ಬಂದರೂ ಒಂದೂ ಒಡೆದಿರಲಿಲ್ಲ. ನನ್ನ ಅಮ್ಮ ಒಳಗಿದ್ದಳು. ಗಂಡಸರ ಮೈ ಮುಟ್ಟಿದವಳು ಎಂದು ಅಮ್ಮ ನಿನ್ನನ್ನು ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ನಾನು ಹೆದರಿದ್ದೆ, ಅದಕ್ಕೇ ಅಲ್ಲವೇ ಮದ್ರಾಸಿನ ಹೆರಿಗೆ ಆಸ್ಪತ್ರೆಯ ಕಥೆ ಕಟ್ಟಿದ್ದು. ನಾನು ಅವನಿಗೆ, ನೀವು ಹೇಳುವವರು ಇವಳಲ್ಲ, ನನ್ನ ಹೆಂಡತಿ ಯುದ್ಧಕ್ಕೆ ಹೋದವಳೇ ಅಲ್ಲ ಎಂದೆ. ಅವನು ಮೊಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಹೋದ. ನೀನೇ ಬೇಯಿಸಿದೆ. ಒಳ್ಳೆಯ ಮೊಟ್ಟೆ, ಎಲ್ಲಿಯದು ಎಂದು ನೀನು ಕೇಳಿದೆ. ನಾನು ಸಂತೆಯದ್ದು ಎಂದೆ. ನಿನ್ನ ಹೆಸರನ್ನು ಮೊದಲು ಅಳಿಸಿದವನು ಸುಧಾಕರನಲ್ಲ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು, ನೆಪವೂ ಅವಳ ಜೊತೆಗೇ ಹೋಯಿತು, ಆದರೂ ಬಾಯಿ ಬಿಡಲಿಲ್ಲ. ವಾರ್ಡಿನಲ್ಲಿ ಊರಿನ ಮಾತು ಕೇಳಿ ಅತ್ತುಬಿಟ್ಟಿದ್ದ ಆ ಡ್ರೈವರ್ ಹುಡುಗನ ಹೆಸರು ಕೇಳುವ ಮೊದಲೇ ಹಡಗಿಗೆ ಹಾಕಿ ಕಳಿಸಿಬಿಟ್ಟರು, ಅವನು ಮನೆ ಮುಟ್ಟಿದನೋ ಇಲ್ಲವೋ ಎಂದು ನೀನು ಎಷ್ಟು ವರ್ಷ ಹೇಳಿದ್ದಿ, ನಾನು ಪ್ರತಿ ಸಲವೂ ಕೇಳಿಕೊಂಡು ಸುಮ್ಮನೆ ಕುಳಿತಿದ್ದೆ. ಈ ತಿಂಗಳು ಅವನ ಅಂಗಡಿಗೆ ಹೋಗಿ ತಪ್ಪಾಯಿತು ಎಂದೆ. ಅವನು ಚಕ್ರಕ್ಕೆ ಗಾಳಿ ಹಾಕುವುದನ್ನು ನಿಲ್ಲಿಸದೆ ಹೇಳಿದ, ‘ನಂಗೆ ಅವತ್ತೇ ಗೊತ್ತಿತ್ತು ಶೆಟ್ರೇ. ಒಳಗೆ ಸಿಸ್ಟರಮ್ಮನ ಸ್ವರ ಕೇಳ್ತಾ ಇತ್ತು. ಅವರ ಸಂಸಾರ ಹಾಳಾಗುದು ಬೇಡ ಅಂತ ಸುಮ್ಮನೆ ಹೋದೆ.’ ಅವನು ಮನೆ ಮುಟ್ಟಿದ್ದಾನೆ ಪ್ರಫುಲ್ಲಾ. ಹದಿನಾರು ವರ್ಷದಿಂದ ನಮ್ಮಿಂದ ಹನ್ನೊಂದು ಮೈಲಿ ದೂರದಲ್ಲಿ ಇದ್ದಾನೆ. ನನಗೆ ಬೈದು ಬರೆ, ಆದರೆ ಮೊದಲು ಅವನಿಗೆ ಎರಡು ಸಾಲು ಬರೆ. ವಿಳಾಸ: ಹಾಜಬ್ಬ, ಸೈಕಲ್ ಅಂಗಡಿ, ಪುಂಜಾಲಕಟ್ಟೆ.